ಎರಡನೇ ಆಯ್ಕೆಗೂ ಬೆಲೆ ಇದೆಯಾ? ಮೇನ್ ರಾಜ್ಯದ ಗವರ್ನರ್ ಮತ್ತು 1, 2, 3ರ ಜಗಳ

2018ರ ಡಿಸೆಂಬರ್ 28. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯದ ಗವರ್ನರ್, ರಿಪಬ್ಲಿಕನ್ ಪಕ್ಷದ ಪಾಲ್ ಲೆಪೇಜ್ ಒಂದು ಕಾಗದಕ್ಕೆ ಸಹಿ ಹಾಕಿದರು. ರಾಜ್ಯದ ಎರಡನೇ ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತಿನ) ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಜಾರೆಡ್ ಗೋಲ್ಡನ್ ಗೆದ್ದಿದ್ದಾರೆ ಎಂದು ದೃಢಪಡಿಸುವ ಕಾಗದ ಅದು. ಸಹಿಯ ಪಕ್ಕದಲ್ಲೇ ಅವರು ಎರಡು ಪದ ಬರೆದರು: ಕದ್ದ ಚುನಾವಣೆ. ಕೆಲವೇ ದಿನಗಳಲ್ಲಿ ಅವರ ಅಧಿಕಾರಾವಧಿ ಮುಗಿಯುವುದಿತ್ತು.

ಕಳ್ಳಮತ ಬಿದ್ದಿದೆ ಎಂದಾಗಲಿ, ಮತಪೆಟ್ಟಿಗೆ ಕಾಣೆಯಾಗಿದೆ ಎಂದಾಗಲಿ ಅವರ ದೂರು ಇರಲಿಲ್ಲ. ಅವರ ಸಿಟ್ಟು ಎಣಿಸಿದ ರೀತಿಯ ಮೇಲೆ. ಅಲ್ಲಿ ಮತದಾರರು ಒಬ್ಬರಿಗೆ ಒಂದೇ ಮತ ಹಾಕಿ ಸುಮ್ಮನಾಗಿರಲಿಲ್ಲ. ಮೊದಲ ಆಯ್ಕೆ ಇವರು, ಎರಡನೆಯದು ಅವರು ಎಂದು ಸಾಲಾಗಿ ಗುರುತಿಸಿದ್ದರು. ಮೊದಲ ಸುತ್ತಿನಲ್ಲಿ ಮುಂದಿದ್ದ ರಿಪಬ್ಲಿಕನ್ ಅಭ್ಯರ್ಥಿ ಕೊನೆಯ ಸುತ್ತಿನಲ್ಲಿ ಸೋತರು. ಇದು ನ್ಯಾಯವೋ ಅನ್ಯಾಯವೋ ಎಂಬ ಜಗಳ ಅಮೆರಿಕದಲ್ಲಿ ಇನ್ನೂ ನಡೆಯುತ್ತಲೇ ಇದೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ಮೇನ್‌ಗಿಂತ ಒಳ್ಳೆಯ ಜಾಗ ಇಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಮೆರಿಕದ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರ ಹಾಗಲ್ಲ. ಅವರನ್ನು ಕೇಂದ್ರ ನೇಮಿಸುವುದಿಲ್ಲ, ಜನರೇ ನೇರವಾಗಿ ಆರಿಸುತ್ತಾರೆ. ಅಧಿಕಾರ ನಮ್ಮ ಮುಖ್ಯಮಂತ್ರಿಯಷ್ಟೇ ಇರುತ್ತದೆ. ಜೊತೆಗೆ ಶಾಸನಸಭೆ ಪಾಸು ಮಾಡಿದ ಮಸೂದೆಯನ್ನು ವೀಟೊ ಮಾಡಿ ತಡೆಯುವ ಬಲವೂ ಇರುತ್ತದೆ.

ಹೀಗೆ ಸಾಲಾಗಿ ಮತ ಹಾಕುವುದು ಕರ್ನಾಟಕದವರಿಗೆ ಹೊಸದೇನಲ್ಲ. ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಗೊತ್ತು. ಇವಿಎಂ ಇರುವುದಿಲ್ಲ. ಕೈಗೆ ಒಂದು ಬ್ಯಾಲೆಟ್ ಹಾಳೆ, ಒಂದು ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ಹೆಸರಿನ ಮುಂದೆ 1, 2, 3 ಎಂದು ಬರೆಯಬೇಕು. ಇದನ್ನೇ ಪತ್ರಿಕೆಗಳು ಪ್ರಾಶಸ್ತ್ಯದ ಮತ ಎನ್ನುತ್ತವೆ. 'ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಗೆಲ್ಲಲಿಲ್ಲ, ಎರಡನೇ ಪ್ರಾಶಸ್ತ್ಯದ ಎಣಿಕೆ ರಾತ್ರಿಯಿಡೀ ನಡೆಯಿತು' ಎಂಬ ಸುದ್ದಿ ನಾವೆಲ್ಲ ಓದಿದ್ದೇವೆ ಅಲ್ವಾ? ನಮ್ಮ ರಾಷ್ಟ್ರಪತಿ ಆಯ್ಕೆಯೂ ಇದೇ ದಾರಿಯಲ್ಲಿ ನಡೆಯುತ್ತದೆ.

1969ರ ರಾಷ್ಟ್ರಪತಿ ಚುನಾವಣೆಯನ್ನು ಹಿರಿಯರು ಮರೆತಿರಲಾರರು. ಆ ಜಗಳ ಹೊತ್ತಿಕೊಂಡಿದ್ದು ನಮ್ಮ ಲಾಲ್‌ಬಾಗ್‌ನಲ್ಲೇ. ಜುಲೈ ತಿಂಗಳಲ್ಲಿ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಿತ್ತು. ಪಕ್ಷದ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ. ಪಕ್ಷ ನೀಲಂ ಸಂಜೀವ ರೆಡ್ಡಿ ಅವರನ್ನು ನಿಲ್ಲಿಸಿತು. ಇಂದಿರಾ ಗಾಂಧಿ ಒಲವು ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿ ಕಡೆಗಿತ್ತು. ಗಿರಿಯವರು ಅದಕ್ಕೂ ಮೊದಲು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಜನಸಂಘ, ಸ್ವತಂತ್ರ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್. ನಿಮ್ಮ ಎರಡನೇ ಪ್ರಾಶಸ್ತ್ಯದ ಮತ ರೆಡ್ಡಿಯವರಿಗೆ ಕೊಡಿ ಎಂದು ನಿಜಲಿಂಗಪ್ಪ ಆ ಪಕ್ಷಗಳನ್ನು ಕೇಳಿಕೊಂಡಿದ್ದೇ ದೊಡ್ಡ ಗಲಾಟೆ ಆಯಿತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548. ಯಾರಿಗೂ ಅರ್ಧ ದಾಟಲಿಲ್ಲ. ಉಳಿದವರ ಮತಗಳನ್ನು ಹಂಚಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಹಂಚಿಕೆಯಲ್ಲಿ ರೆಡ್ಡಿಯವರಿಗೇ ಜಾಸ್ತಿ ಸಿಕ್ಕಿತು, ಆದರೂ ಸಾಲಲಿಲ್ಲ. ಮೇನ್‌ನಲ್ಲಿ ಆಗಿದ್ದು ಇದೇ ಲೆಕ್ಕ. ಆದರೆ ಅಲ್ಲಿ ಹಿಂದಿದ್ದವರಿಗೆ ಅದು ಸಾಕಾಯಿತು.

ಲೆಪೇಜ್ ಯಾರು ಎಂದು ತಿಳಿಯದೆ ಅವರ ಸಿಟ್ಟು ಅರ್ಥವಾಗುವುದಿಲ್ಲ. ಅವರು ಹುಟ್ಟಿದ್ದು 1948ರಲ್ಲಿ, ಲೂಯಿಸ್ಟನ್ ಎಂಬ ಗಿರಣಿ ಊರಿನಲ್ಲಿ. ಫ್ರೆಂಚ್ ಮಾತಾಡುವ ಬಡ ಕುಟುಂಬ. 18 ಮಕ್ಕಳಲ್ಲಿ ಇವರೇ ದೊಡ್ಡವರು. ತಂದೆಯ ಹೊಡೆತ ತಾಳಲಾರದೆ 11ನೇ ವಯಸ್ಸಿಗೆ ಮನೆ ಬಿಟ್ಟರು. ಬೀದಿಯಲ್ಲಿ ಮಲಗಿ, ಬೂಟ್ ಪಾಲಿಶ್ ಮಾಡಿ ಬೆಳೆದರು. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಕಾಲೇಜು ಪ್ರವೇಶದ ಪರೀಕ್ಷೆಯನ್ನು ಫ್ರೆಂಚ್‌ನಲ್ಲಿ ಬರೆಯಬೇಕಾಯಿತು. ಮುಂದೆ ಒಂದು ಅಂಗಡಿ ಸರಣಿಯ ಮ್ಯಾನೇಜರ್ ಆದರು, ವಾಟರ್‌ವಿಲ್ ನಗರದ ಮೇಯರ್ ಆದರು. ಈ ಹಾದಿಯನ್ನು ನಾನು ಗೌರವದಿಂದಲೇ ನೋಡುತ್ತೇನೆ.

ಆದರೆ ಗವರ್ನರ್ ಆದ ಮೇಲೆ ಅವರ ಬಾಯಿ, ಕೈ ಎರಡೂ ಸುಮ್ಮನಿರಲಿಲ್ಲ. 2011ರಲ್ಲಿ ಕಾರ್ಮಿಕ ಇಲಾಖೆಯ ಕಟ್ಟಡದಲ್ಲಿದ್ದ ಕಾರ್ಮಿಕ ಚರಿತ್ರೆಯ ದೊಡ್ಡ ಚಿತ್ರವನ್ನು ತೆಗೆಸಿದರು. ಅದು ಕಾರ್ಮಿಕರ ಪರವಾಗಿ ವಾಲಿದೆ ಎಂಬುದು ಅವರ ಆಡಳಿತದ ಆಕ್ಷೇಪ. 2016ರಲ್ಲಿ ಒಬ್ಬ ಶಾಸಕರ ಫೋನಿಗೆ ಕೆಟ್ಟ ಬೈಗುಳದ ಸಂದೇಶ ಬಿಟ್ಟರು. ಹಳೇ ಕಾಲವಾಗಿದ್ದರೆ ಅವರೊಡನೆ ಪಿಸ್ತೂಲಿನ ದ್ವಂದ್ವಯುದ್ಧಕ್ಕೆ ಇಳಿಯುತ್ತಿದ್ದೆ ಎಂದೂ ಹೇಳಿದರು. ಎಂಟು ವರ್ಷದಲ್ಲಿ 600ಕ್ಕೂ ಹೆಚ್ಚು ವೀಟೊ ಹಾಕಿದರು. ಬೆಂಬಲಿಗರಿಗೆ ಅವರು ಖಡಕ್ ಮನುಷ್ಯ, ವಿರೋಧಿಗಳಿಗೆ ರಾಜ್ಯದ ಮಾನ ಕಳೆದವರು.

ಇಂಥವರು ಗೆದ್ದಿದ್ದು ಹೇಗೆ? 2010ರಲ್ಲಿ ಅವರಿಗೆ ಬಿದ್ದಿದ್ದು ಶೇ 38ರಷ್ಟು ಮತ. ಪಕ್ಷೇತರ ಎಲಿಯಟ್ ಕಟ್ಲರ್‌ಗೆ ಶೇ 36. ಡೆಮಾಕ್ರಟಿಕ್ ಪಕ್ಷದ ಲಿಬ್ಬಿ ಮಿಚೆಲ್‌ಗೆ ಶೇ 19. ಉಳಿದದ್ದು ಇನ್ನಿಬ್ಬರ ಪಾಲು. ಲೆಪೇಜ್ ಮತ್ತು ಕಟ್ಲರ್ ನಡುವಿನ ಅಂತರ 10 ಸಾವಿರಕ್ಕೂ ಕಡಿಮೆ. ಸ್ವಲ್ಪ ದಿನದಲ್ಲೇ ಮೇನ್‌ನ ಕಾರುಗಳ ಹಿಂದೆ ಒಂದು ಸ್ಟಿಕ್ಕರ್ ಕಾಣಿಸಿಕೊಂಡಿತು. ಅದರಲ್ಲಿ ಇದ್ದಿದ್ದು ಒಂದು ಸಂಖ್ಯೆ ಅಷ್ಟೇ: 61 ಪರ್ಸೆಂಟ್. ಅಂದರೆ, ಇವರನ್ನು ಬೇಡ ಎಂದವರು ನಾವು, ನಾವೇ ಜಾಸ್ತಿ.

ಹಾಗಂತ ಇದು ಲೆಪೇಜ್ ಒಬ್ಬರ ಕಥೆ ಅಲ್ಲ. ಮೇನ್‌ನಲ್ಲಿ ಪಕ್ಷೇತರರಿಗೆ ಮೊದಲಿಂದಲೂ ಒಳ್ಳೆಯ ಬೆಂಬಲ ಇದೆ. 1994ರಲ್ಲಿ ಪಕ್ಷೇತರ ಆಂಗಸ್ ಕಿಂಗ್ ಗೆದ್ದಿದ್ದು ಶೇ 35ರಷ್ಟು ಮತದಲ್ಲಿ. 2006ರಲ್ಲಿ ಡೆಮಾಕ್ರಟಿಕ್ ಪಕ್ಷದ ಜಾನ್ ಬಾಲ್ಡಾಚಿ ಗೆದ್ದಿದ್ದು ಶೇ 38ರಲ್ಲಿ. ಮೂರು ಜನ, ನಾಲ್ಕು ಜನ ಗಟ್ಟಿಯಾಗಿ ನಿಂತರೆ ಹೀಗೇ ಆಗುತ್ತದೆ. ಪೋರ್ಟ್‌ಲ್ಯಾಂಡ್ ನಗರ ತನ್ನ ಮೇಯರ್ ಆಯ್ಕೆಗೆ ಪ್ರಾಶಸ್ತ್ಯ ಮತ ತರಲು ಒಪ್ಪಿದ್ದು 2010ರ ನವೆಂಬರ್‌ನಲ್ಲಿ, ಲೆಪೇಜ್ ಗೆದ್ದ ಅದೇ ದಿನ. ಲೆಪೇಜ್ ಮೇಲಿನ ದ್ವೇಷದಿಂದಲೇ ಈ ಪದ್ಧತಿ ಹುಟ್ಟಿತು ಎನ್ನುವವರು ಇದನ್ನು ನೆನಪಿಡಬೇಕು. ಅವರ ಗೆಲುವು ಈ ಚಳವಳಿಗೆ ಕಾವು ಕೊಟ್ಟಿದ್ದಂತೂ ನಿಜ.

2014ರಲ್ಲಿ ಲೆಪೇಜ್ ಮತ್ತೆ ಗೆದ್ದರು. ಅವರಿಗೆ ಶೇ 48.2, ಡೆಮಾಕ್ರಟಿಕ್ ಪಕ್ಷದ ಮೈಕ್ ಮಿಶೋಗೆ ಶೇ 43.4, ಮತ್ತೆ ನಿಂತಿದ್ದ ಕಟ್ಲರ್‌ಗೆ ಶೇ 8.4. ಚುನಾವಣೆಗೆ ವಾರ ಇರುವಾಗ ಕಟ್ಲರ್ ತಮ್ಮ ಬೆಂಬಲಿಗರಿಗೆ ಒಂದು ಮಾತು ಹೇಳಿದರು. ನಾನು ಗೆಲ್ಲಲಾರೆ ಎಂದು ಅನ್ನಿಸಿದರೆ ನೀವು ಬೇರೆಯವರಿಗೆ ಮತ ಹಾಕಬಹುದು ಎಂಬುದು ಅದರ ಅರ್ಥ. ಅದೇ ದಿನ ಆಂಗಸ್ ಕಿಂಗ್ ಅವರ ಕೈಬಿಟ್ಟು ಮಿಶೋ ಕಡೆ ಹೋದರು. ಒಬ್ಬ ಅಭ್ಯರ್ಥಿ ತನ್ನ ಜನರಿಗೇ ಹೀಗೆ ಹೇಳಬೇಕಾದ ಪರಿಸ್ಥಿತಿ ಯಾಕೆ ಬರಬೇಕು? 'ಮನಸ್ಸಿಗೆ ಬಂದವರಿಗೆ ಹಾಕಿದರೆ ಮತ ದಂಡ' ಎಂಬ ಭಯವೇ ಕಾರಣ. ಈ ಭಯ ನಮಗೂ ಚೆನ್ನಾಗಿ ಗೊತ್ತು. 'ಆ ಪಕ್ಷೇತರ ಒಳ್ಳೇ ಮನುಷ್ಯ, ಆದ್ರೆ ಗೆಲ್ಲಲ್ಲ, ಮತ ಯಾಕೆ ಹಾಳು ಮಾಡ್ತೀಯಾ' ಎಂಬ ಮಾತು ನಮ್ಮ ಊರಿನ ಕಟ್ಟೆಗಳಲ್ಲಿ ಪ್ರತಿ ಚುನಾವಣೆಯಲ್ಲೂ ಕೇಳುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. 2014ರಲ್ಲಿ ಪ್ರಾಶಸ್ತ್ಯ ಮತ ಇದ್ದಿದ್ದರೆ ಲೆಪೇಜ್ ಸೋಲುತ್ತಿದ್ದರೇ? ಅರ್ಧ ದಾಟಲು ಅವರಿಗೆ ಬೇಕಿದ್ದಿದ್ದು ಇನ್ನು ಶೇ 1.8ಕ್ಕಿಂತ ಸ್ವಲ್ಪ ಜಾಸ್ತಿ. ಕಟ್ಲರ್ ಮತದಾರರಲ್ಲಿ ಐದಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನ ಅವರನ್ನು ಎರಡನೆಯವರಾಗಿ ಬರೆದಿದ್ದರೂ ಸಾಕಿತ್ತು. ಹಾಗಾಗಿ ಆ ಚುನಾವಣೆಯಲ್ಲಿ ಅವರೇ ಗೆಲ್ಲುವ ಸಾಧ್ಯತೆ ಚೆನ್ನಾಗಿಯೇ ಇತ್ತು. 2010ರ ಮಾತು ಬೇರೆ. ಅಲ್ಲಿ ಮಿಚೆಲ್ ಅವರ ಶೇ 19 ಮತ ಬಹುಪಾಲು ಯಾರ ಕಡೆ ಹೋಗುತ್ತಿತ್ತು ಎಂದು ಊಹಿಸಬಹುದು. ಆದರೆ ಬ್ಯಾಲೆಟ್ಟಿನಲ್ಲಿ ಎರಡನೇ ಆಯ್ಕೆ ಕೇಳಿರಲೇ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ.

2016ರ ನವೆಂಬರ್‌ನಲ್ಲಿ ಮೇನ್ ಜನ ತಾವೇ ತೀರ್ಮಾನ ಮಾಡಿದರು. ಅಲ್ಲಿ ಸಹಿ ಸಂಗ್ರಹಿಸಿ ಒಂದು ಕಾನೂನನ್ನು ನೇರವಾಗಿ ಜನಮತಕ್ಕೆ ಇಡಬಹುದು. ಐದನೇ ಪ್ರಶ್ನೆ ಎಂಬ ಹೆಸರಲ್ಲಿ ಪ್ರಾಶಸ್ತ್ಯ ಮತದ ಪ್ರಸ್ತಾವ ಬಂತು. ಪರವಾಗಿ 3,88,273 ಮತ, ವಿರೋಧವಾಗಿ 3,56,621. ರಾಜ್ಯಮಟ್ಟದ ಚುನಾವಣೆಗೆ ಈ ಪದ್ಧತಿ ತಂದ ಮೊದಲ ಅಮೆರಿಕದ ರಾಜ್ಯ ಮೇನ್ ಆಯಿತು.

ಅಲ್ಲಿಗೆ ಮುಗಿಯಲಿಲ್ಲ. 2017ರ ಮೇ ತಿಂಗಳಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಒಮ್ಮತದ ಅಭಿಪ್ರಾಯ ಕೊಟ್ಟಿತು. ಗವರ್ನರ್ ಮತ್ತು ರಾಜ್ಯದ ಶಾಸಕರ ಸಾರ್ವತ್ರಿಕ ಚುನಾವಣೆಗೆ ಈ ಪದ್ಧತಿ ರಾಜ್ಯದ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು. ಯಾಕೆಂದರೆ ಸಂವಿಧಾನದಲ್ಲಿ ಸ್ಪಷ್ಟವಾಗಿ ಬರೆದಿದೆ: ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ಗೆದ್ದವರು. ಅರ್ಧ ದಾಟಬೇಕೆಂದಿಲ್ಲ.

ಈ ಸಾಲು ಅಲ್ಲಿಗೆ ಹೇಗೆ ಬಂತು ಎಂಬುದು ನನಗೆ ಈ ಇಡೀ ಕಥೆಯಲ್ಲೇ ತುಂಬ ಹಿಡಿಸಿದ ಭಾಗ. ಹಿಂದೆ ಮೇನ್‌ನಲ್ಲಿ ಗವರ್ನರ್ ಆಗಲು ಅರ್ಧಕ್ಕಿಂತ ಹೆಚ್ಚು ಮತ ಬೇಕಿತ್ತು. ಸಿಗದಿದ್ದರೆ ಶಾಸನಸಭೆ ಆರಿಸುತ್ತಿತ್ತು. 1879ರಲ್ಲಿ ಮೂರು ಪಕ್ಷಗಳು ನಿಂತು ಯಾರಿಗೂ ಅರ್ಧ ಬರಲಿಲ್ಲ. ಶಾಸನಸಭೆಯಲ್ಲಿ ಯಾರ ಕೈ ಮೇಲಾಗಬೇಕು ಎಂಬುದರ ಮೇಲೆ ಜಗಳ ಶುರುವಾಯಿತು. ಆಗಿನ ಗವರ್ನರ್ ಅಲೊಂಜೊ ಗಾರ್ಸೆಲಾನ್ ಮತ್ತು ಅವರ ಮಂಡಳಿ ತಾಂತ್ರಿಕ ತಪ್ಪುಗಳ ನೆಪದಲ್ಲಿ ಕೆಲವು ಊರುಗಳ ಫಲಿತಾಂಶವನ್ನೇ ತಳ್ಳಿಹಾಕಿತು. ರಾಜಧಾನಿ ಆಗಸ್ಟಾದಲ್ಲಿ ಜನ ಬಂದೂಕು ಹಿಡಿದು ಸೇರಿದರು. ಅಂತರ್ಯುದ್ಧದ ವೀರ, ಮಾಜಿ ಗವರ್ನರ್ ಜೋಶುವಾ ಚೇಂಬರ್ಲೇನ್ ಅವರನ್ನು ಶಾಂತಿ ಕಾಯಲು ಕರೆಸಬೇಕಾಯಿತು. ಕೊನೆಗೆ ರಾಜ್ಯದ ನ್ಯಾಯಾಲಯ ಬಿಕ್ಕಟ್ಟು ಬಿಡಿಸಿತು. ಇನ್ನು ಈ ಅರ್ಧದ ಸಹವಾಸವೇ ಬೇಡ ಎಂದು 1880ರಲ್ಲಿ ಸಂವಿಧಾನ ತಿದ್ದಿದರು. ಒಂದು ಜಗಳ ತಪ್ಪಿಸಲು ಬರೆದ ಆ ಪದ 137 ವರ್ಷದ ನಂತರ ಇನ್ನೊಂದು ಜಗಳಕ್ಕೆ ಕಾರಣವಾಯಿತು.

ನ್ಯಾಯಾಲಯದ ಅಭಿಪ್ರಾಯ ಬಂದ ಮೇಲೆ ಶಾಸನಸಭೆ ಈ ಕಾನೂನನ್ನೇ 2021ರ ಕೊನೆಯವರೆಗೆ ಮುಂದೂಡಿತು. ಅಷ್ಟರಲ್ಲಿ ಸಂವಿಧಾನ ತಿದ್ದದಿದ್ದರೆ ಕಾನೂನೇ ರದ್ದು ಎಂದಿತು. ಜನ ಬಿಡಲಿಲ್ಲ. ಮೇನ್‌ನಲ್ಲಿ ಜನರ ವೀಟೊ ಎಂಬ ಅವಕಾಶ ಇದೆ. ಶಾಸನಸಭೆ ಮಾಡಿದ ಕಾನೂನನ್ನು ಸಹಿ ಸಂಗ್ರಹಿಸಿ, ಮತ ಹಾಕಿ ತಡೆಯಬಹುದು. ಅದಕ್ಕೆ ಆಗ 61 ಸಾವಿರಕ್ಕೂ ಹೆಚ್ಚು ಸಹಿ ಬೇಕಿತ್ತು. ಚಳಿಗಾಲದ ಹಿಮದಲ್ಲಿ ಕಾರ್ಯಕರ್ತರು ಅದನ್ನು ಸಂಗ್ರಹಿಸಿದರು. 2018ರ ಜೂನ್ 12ರಂದು ಜನ ಆ ಮುಂದೂಡಿಕೆಯನ್ನು ತಳ್ಳಿಹಾಕಿದರು. ಎರಡು ವರ್ಷದಲ್ಲಿ ಎರಡನೇ ಸಲ ಅವರು ಇದೇ ಪದ್ಧತಿ ಬೇಕು ಎಂದಂತಾಯಿತು.

ಅದೇ ದಿನ ಪಕ್ಷಗಳ ಒಳಗಿನ ಪ್ರಾಥಮಿಕ ಚುನಾವಣೆಯೂ ಈ ಪದ್ಧತಿಯಲ್ಲೇ ನಡೆಯಿತು. ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಲ್ಲಿ ಏಳು ಜನ ಕಣದಲ್ಲಿದ್ದರು. ಜಾನೆಟ್ ಮಿಲ್ಸ್ ಗೆದ್ದರು. ಈ ಫಲಿತಾಂಶಗಳನ್ನು ತಾನು ದೃಢೀಕರಿಸದೇ ಇರಬಹುದು ಎಂದು ಲೆಪೇಜ್ ಟೀವಿಯಲ್ಲಿ ಹೇಳಿದ್ದರು. ಪ್ರಾಥಮಿಕ ಚುನಾವಣೆಗೆ ಗವರ್ನರ್ ಸಹಿ ಬೇಕಿಲ್ಲ, ಆ ಕೆಲಸ ನನ್ನದು ಎಂದು ಚುನಾವಣೆ ನೋಡಿಕೊಳ್ಳುವ ರಾಜ್ಯ ಕಾರ್ಯದರ್ಶಿ ಮ್ಯಾಥ್ಯೂ ಡನ್ಲಪ್ ಉತ್ತರಿಸಿದರು.

ಈಗ ಆ ಎರಡನೇ ಕ್ಷೇತ್ರಕ್ಕೆ ಬರೋಣ. ಸಂಸತ್ತಿನ ಚುನಾವಣೆಗೆ ರಾಜ್ಯ ಸಂವಿಧಾನದ ಆ ಸಾಲು ಅಡ್ಡ ಬರುವುದಿಲ್ಲ. ಹಾಗಾಗಿ 2018ರ ನವೆಂಬರ್‌ನಲ್ಲಿ ಅಲ್ಲಿ ಪ್ರಾಶಸ್ತ್ಯ ಮತ ನಡೆಯಿತು. ಮೊದಲ ಸುತ್ತಿನಲ್ಲಿ ರಿಪಬ್ಲಿಕನ್ ಪಕ್ಷದ ಬ್ರೂಸ್ ಪೋಲಿಕ್ವಿನ್‌ಗೆ 1,34,184. ಗೋಲ್ಡನ್‌ಗೆ 1,32,013. ಪಕ್ಷೇತರರಾದ ಟಿಫನಿ ಬಾಂಡ್‌ಗೆ 16,552, ವಿಲ್ ಹೋರ್‌ಗೆ 6,875. ಪೋಲಿಕ್ವಿನ್ 2,171 ಮತ ಮುಂದೆ. ಆದರೆ ಯಾರಿಗೂ ಅರ್ಧ ಇಲ್ಲ.

ಪಕ್ಷೇತರರಿಬ್ಬರ ಮತ ಸೇರಿಸಿದರೂ ಮುಂದಿನವರನ್ನು ಮುಟ್ಟುವ ಹಾಗಿರಲಿಲ್ಲ. ಹಾಗಾಗಿ ಇಬ್ಬರನ್ನೂ ಒಟ್ಟಿಗೆ ಕೈಬಿಟ್ಟರು. ಅವರ 23,427 ಬ್ಯಾಲೆಟ್‌ಗಳಲ್ಲಿ ಮುಂದಿನ ಆಯ್ಕೆ ಯಾರು ಎಂದು ನೋಡಿದರು. 10,427 ಬ್ಯಾಲೆಟ್‌ಗಳಲ್ಲಿ ಗೋಲ್ಡನ್ ಹೆಸರಿತ್ತು. 4,747ರಲ್ಲಿ ಪೋಲಿಕ್ವಿನ್ ಹೆಸರು. ಉಳಿದ 8,253ರಲ್ಲಿ ಇಬ್ಬರಲ್ಲಿ ಯಾರ ಹೆಸರೂ ಎಣಿಕೆಗೆ ಸಿಗಲಿಲ್ಲ. ಕೊನೆಯ ಲೆಕ್ಕ: ಗೋಲ್ಡನ್ 1,42,440, ಪೋಲಿಕ್ವಿನ್ 1,38,931. ಬ್ಯಾಲೆಟ್‌ಗಳನ್ನು ಆಗಸ್ಟಾಕ್ಕೆ ತಂದು ಎಣಿಸಿ ಫಲಿತಾಂಶ ಹೇಳುವಾಗ ಚುನಾವಣೆ ಮುಗಿದು ಒಂಬತ್ತು ದಿನ ಕಳೆದಿತ್ತು.

ಮತದಾನದ ರಾತ್ರಿ ಮುಂದಿದ್ದವರು ವಾರ ಕಳೆದ ಮೇಲೆ ಸೋತರೆ ಮನಸ್ಸಿಗೆ ಕಹಿಯಾಗುವುದು ಸಹಜ. ಪೋಲಿಕ್ವಿನ್ ಫೆಡರಲ್ ಕೋರ್ಟಿಗೆ ಹೋದರು. ಟ್ರಂಪ್ ನೇಮಿಸಿದ ನ್ಯಾಯಾಧೀಶ ಲ್ಯಾನ್ಸ್ ವಾಕರ್ ಡಿಸೆಂಬರ್‌ನಲ್ಲಿ ಆ ಅರ್ಜಿ ವಜಾ ಮಾಡಿದರು. ಹೆಚ್ಚು ಮತ ಬಂದವರೇ ಗೆಲ್ಲಬೇಕೆಂದು ಅಮೆರಿಕದ ಸಂವಿಧಾನ ಎಲ್ಲೂ ಹೇಳಿಲ್ಲ, ಪದ್ಧತಿ ಆರಿಸುವ ಸ್ವಾತಂತ್ರ್ಯ ರಾಜ್ಯಗಳಿಗೆ ಇದೆ ಎಂಬುದು ತೀರ್ಪಿನ ತಿರುಳು. ಅದಾಗಿ ಎರಡು ವಾರಕ್ಕೆ ಲೆಪೇಜ್ ಆ ಎರಡು ಪದ ಬರೆದು ಸಹಿ ಹಾಕಿದ್ದು.

'ಕದ್ದ' ಎಂಬ ಪದವನ್ನು ನಾನು ಒಪ್ಪುವುದಿಲ್ಲ. ಕಳ್ಳತನ ಎಂದರೆ ಒಬ್ಬರ ವಸ್ತುವನ್ನು ಅವರಿಗೆ ಗೊತ್ತಿಲ್ಲದೆ ತೆಗೆದುಕೊಳ್ಳುವುದು. ಇಲ್ಲಿ ಬಾಂಡ್ ಬೆಂಬಲಿಗರ ಮತ ಗೋಲ್ಡನ್‌ಗೆ ಹೋಗಿದ್ದು ಆ ಬೆಂಬಲಿಗರೇ ಹಾಗೆ ಬರೆದಿದ್ದರಿಂದ. ನಿಯಮ ಆಟ ಶುರುವಾಗುವ ಮೊದಲೇ ಎಲ್ಲರಿಗೂ ತಿಳಿದಿತ್ತು. ಪೋಲಿಕ್ವಿನ್ ಅವರಿಗೂ ಬಾಂಡ್ ಬೆಂಬಲಿಗರ ಮನೆ ಬಾಗಿಲಿಗೆ ಹೋಗಿ 'ನನ್ನನ್ನು ಎರಡನೆಯವನಾಗಿ ಬರೆಯಿರಿ' ಎಂದು ಕೇಳುವ ಅವಕಾಶ ಇತ್ತು.

ಆದರೆ ಈ ಪದ್ಧತಿಯನ್ನು ಟೀಕಿಸುವವರ ಕೆಲವು ಮಾತುಗಳು ಗಟ್ಟಿಯಾಗಿವೆ. ಅವನ್ನು ತಳ್ಳಿಹಾಕಿದರೆ ಅಪ್ರಾಮಾಣಿಕತೆ ಆಗುತ್ತದೆ. ಇದರಲ್ಲಿ ಗೆದ್ದವರಿಗೆ ಯಾವಾಗಲೂ ಅರ್ಧಕ್ಕಿಂತ ಹೆಚ್ಚು ಜನರ ಬೆಂಬಲ ಇರುತ್ತದೆ ಎಂದು ಪ್ರಚಾರಕರು ಹೇಳುತ್ತಾರೆ. ಗೋಲ್ಡನ್ ಲೆಕ್ಕ ನೋಡಿ. ಕೊನೆಯ ಸುತ್ತಿನಲ್ಲಿ ಉಳಿದ ಮತಗಳಲ್ಲಿ ಅವರಿಗೆ ಶೇ 50.6. ಮೊದಲ ಸುತ್ತಿನಲ್ಲಿ ಎಣಿಸಿದ 2,89,624 ಮತಗಳಿಗೆ ಹೋಲಿಸಿದರೆ ಶೇ 49.2 ಅಷ್ಟೇ. ನಡುವೆ ಉದುರಿಹೋದ ಆ 8,253 ಮತಗಳೇ ಈ ವ್ಯತ್ಯಾಸ. ಒಬ್ಬರಿಗಷ್ಟೇ ಮತ ಹಾಕಿ ಸಾಕು ಎನ್ನುವುದು ಮತದಾರನ ಹಕ್ಕು. ಆದರೆ ಎಷ್ಟು ಜನ ತಿಳಿದು ಹಾಗೆ ಮಾಡಿದರು, ಎಷ್ಟು ಜನ ತಿಳಿಯದೆ ಮಾಡಿದರು ಎಂಬುದು ಬ್ಯಾಲೆಟ್ ನೋಡಿ ಹೇಳಲಾಗದು.

ಇನ್ನೊಂದು ತೊಡಕು ಅಲಾಸ್ಕಾದಲ್ಲಿ ಕಂಡಿತು. 2022ರ ಆಗಸ್ಟ್‌ನಲ್ಲಿ ಅಲ್ಲಿ ಸಂಸತ್ತಿಗೆ ಉಪಚುನಾವಣೆ ನಡೆಯಿತು. ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೊಲಾ, ರಿಪಬ್ಲಿಕನ್ನರಾದ ಸಾರಾ ಪೇಲಿನ್ ಮತ್ತು ನಿಕ್ ಬೆಗಿಚ್ ಕಣದಲ್ಲಿದ್ದರು. ಬೆಗಿಚ್ ಮೂರನೆಯವರಾಗಿ ಮೊದಲೇ ಹೊರಬಿದ್ದರು, ಪೆಲ್ಟೊಲಾ ಗೆದ್ದರು. ಆಮೇಲೆ ಬ್ಯಾಲೆಟ್‌ಗಳ ದಾಖಲೆ ನೋಡಿದಾಗ ಗೊತ್ತಾಗಿದ್ದು ಬೇರೆಯೇ. ಒಬ್ಬರ ಎದುರು ಒಬ್ಬರಂತೆ ಲೆಕ್ಕ ಹಾಕಿದ್ದರೆ ಬೆಗಿಚ್ ಇಬ್ಬರನ್ನೂ ಸೋಲಿಸುತ್ತಿದ್ದರು. ಬಹುಜನರಿಗೆ ಎರಡನೆಯವರಾಗಿ ಒಪ್ಪಿಗೆ ಇದ್ದವರು ಮೊದಲ ಆಯ್ಕೆಯ ಮತ ಕಡಿಮೆ ಬಿದ್ದಿದ್ದರಿಂದ ಬೇಗ ಹೊರಹೋದರು. 2024ರಲ್ಲಿ ಈ ಪದ್ಧತಿ ಕೈಬಿಡಬೇಕೆ ಎಂದು ಅಲಾಸ್ಕಾದ ಜನರನ್ನೇ ಕೇಳಿದರು. ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಅದು ಉಳಿದುಕೊಂಡಿತು.

ಇಷ್ಟಾದರೂ ನಾನು ಪ್ರಾಶಸ್ತ್ಯ ಮತದ ಪರವೇ. ಮೂರನೆಯವರು ನಿಂತರೆ 'ಮತ ಒಡೆಯೋಕೆ ನಿಂತಿದ್ದಾರೆ' ಎಂದು ಅವರನ್ನು ಶಪಿಸುವ ಬದಲು ಅವರ ಮಾತನ್ನು ಕೇಳಲು ಇದು ಜಾಗ ಕೊಡುತ್ತದೆ. 2014ರಲ್ಲಿ ಕಟ್ಲರ್ ಆಡಬೇಕಾಗಿ ಬಂದ ಮಾತನ್ನು ಬಾಂಡ್ ಆಡಬೇಕಾಗಲಿಲ್ಲ.

ಮೇನ್‌ನಲ್ಲಿ ಈಗಿನ ಸ್ಥಿತಿ ಸ್ವಲ್ಪ ವಿಚಿತ್ರ. ಸಂಸತ್ತಿನ ಸ್ಥಾನಗಳಿಗೆ ಪ್ರಾಶಸ್ತ್ಯದ ಮತ. ಅಧ್ಯಕ್ಷರ ಚುನಾವಣೆಗೂ 2020ರಿಂದ ಅದೇ. 2022ರ ಗವರ್ನರ್ ಚುನಾವಣೆ ಮಾತ್ರ 1880ರ ನಿಯಮದಲ್ಲೇ ನಡೆಯಿತು. ಒಂದೇ ದಿನ, ಒಂದೇ ಮತಗಟ್ಟೆ, ಆದರೆ ಒಂದು ಕಡೆ ಸಾಲಾಗಿ ಗುರುತು, ಇನ್ನೊಂದು ಕಡೆ ಒಂದೇ ಗುರುತು. ಆ ವರ್ಷ ಲೆಪೇಜ್ ಮೂರನೇ ಸಲ ಗವರ್ನರ್ ಆಗಲು ನಿಂತು ಜಾನೆಟ್ ಮಿಲ್ಸ್ ಎದುರು ಸೋತರು. ಮಿಲ್ಸ್‌ಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದಿತ್ತು. ಯಾವ ನಿಯಮದಲ್ಲಿ ಎಣಿಸಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ.

2025ರ ಮೇ ತಿಂಗಳಲ್ಲಿ ಲೆಪೇಜ್ ಮತ್ತೊಂದು ಚುನಾವಣೆಗೆ ನಿಲ್ಲುವುದಾಗಿ ಘೋಷಿಸಿದರು. ಈ ಸಲ ಸಂಸತ್ತಿಗೆ, 2026ಕ್ಕೆ, ಅದೇ ಎರಡನೇ ಕ್ಷೇತ್ರದಿಂದ. ಆ ಕ್ಷೇತ್ರದ ಬ್ಯಾಲೆಟ್ಟಿನಲ್ಲಿ ಪ್ರತಿ ಹೆಸರಿನ ಮುಂದೆಯೂ ಮೊದಲ ಆಯ್ಕೆ, ಎರಡನೇ ಆಯ್ಕೆ, ಮೂರನೇ ಆಯ್ಕೆ ಎಂದು ಸಾಲಾಗಿ ಸಣ್ಣ ಸಣ್ಣ ವೃತ್ತಗಳಿರುತ್ತವೆ. ಮತದಾರರು ಅವನ್ನು ಪೆನ್ನಿನಿಂದ ತುಂಬುತ್ತಾರೆ.